ಒಂದು ರಾತ್ರಿಯ ಗಣಿತವಲ್ಲ

ಫ್ರೆಂಚ್ ಗಣಿತಜ್ಞ ಎವರಿಸ್ತ್ ಗಾಲ್ವಾನ ಹೆಸರು ಕೇಳಿದವರಿಗೆ ಸಾಮಾನ್ಯವಾಗಿ ಆ ಒಂದು ರಾತ್ರಿಯ ಕಥೆಯೂ ಗೊತ್ತಿರುತ್ತದೆ. 1832ರ ಮೇ 29, ಪ್ಯಾರಿಸ್. ಇಪ್ಪತ್ತರ ಹುಡುಗ, ಬೆಳಗಾದರೆ ಪಿಸ್ತೂಲಿನ ದ್ವಂದ್ವಯುದ್ಧ. ಕೋಳಿ ಕೂಗುವುದರೊಳಗೆ ಬೀಜಗಣಿತದ ಹೊಸ ಶಾಖೆಯನ್ನೇ ಗೀಚಿಟ್ಟು ಹೋದನಂತೆ. ಇ. ಟಿ. ಬೆಲ್ 1937ರಲ್ಲಿ ಬರೆದ ಗಣಿತಜ್ಞರ ಚರಿತ್ರೆ ಈ ಕಥೆಯನ್ನು ಲೋಕವೆಲ್ಲ ಸುತ್ತಿಸಿತು. ಕಥೆ ಸೊಗಸಾಗಿದೆ. ಆದರೆ ಅದು ಗಾಲ್ವಾನನ್ನು ಹೊಗಳುತ್ತಲೇ ಅವನ ದುಡಿಮೆಯನ್ನು ಸಣ್ಣದು ಮಾಡುತ್ತದೆ.

ಅಂದು ಅವನು ಬರೆದದ್ದು ಗೆಳೆಯ ಶೆವಾಲಿಯೆಗೆ ಒಂದು ದೀರ್ಘ ಪತ್ರ. ಜೊತೆಗೆ ಹಳೆಯ ಹಸ್ತಪ್ರತಿಗೆ ಅಲ್ಲಲ್ಲಿ ತಿದ್ದುಪಡಿ. ಮುಖ್ಯ ಪ್ರಬಂಧವನ್ನು 1831ರ ಜನವರಿಯಲ್ಲೇ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಕೊಟ್ಟಿದ್ದ. ಅದಕ್ಕೂ ಮುಂಚೆ 1829ರಲ್ಲಿ, 1830ರಲ್ಲಿ ಕೊಟ್ಟ ಬರಹಗಳಿದ್ದವು. ಇನ್ನೊಂದು ನಿದರ್ಶನ: ಇವತ್ತು ಅಂಗಡಿಯಲ್ಲಿ ನಾವು ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡ್ ಸ್ವಲ್ಪ ಮಾಸಿದ್ದರೂ ಓದಿಸಿಕೊಳ್ಳುವುದು ಪರಿಮಿತ ಕ್ಷೇತ್ರಗಳ, ಅಂದರೆ ಸೀಮಿತ ಸಂಖ್ಯೆಗಳೊಳಗೇ ನಡೆಯುವ ಲೆಕ್ಕದ, ಗಣಿತದಿಂದ. ಅದರ ಮೂಲವಿರುವ ಲೇಖನವನ್ನು ಅವನು 1830ರಲ್ಲಿ, ಹದಿನೆಂಟು ತುಂಬಿದ ವಯಸ್ಸಿನಲ್ಲಿ, ಎಲ್ಲರಂತೆ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದ. ಅದಕ್ಕೆ ಪಿಸ್ತೂಲೂ ಬೇಕಾಗಿರಲಿಲ್ಲ, ನಡುರಾತ್ರಿಯೂ ಬೇಕಾಗಿರಲಿಲ್ಲ.

ಮುಖ್ಯ ಪ್ರಬಂಧದ ಹೊಸತನ ಇರುವುದು ಪ್ರಶ್ನೆಯನ್ನು ಬದಲಿಸಿದ್ದರಲ್ಲಿ. ನಾಲ್ಕನೇ ಘಾತದವರೆಗಿನ ಸಮೀಕರಣಗಳನ್ನು ಬಿಡಿಸಲು ಸೂತ್ರಗಳಿದ್ದವು. ಐದನೆಯದಕ್ಕೆ ಅಂಥ ಸಾಮಾನ್ಯ ಸೂತ್ರವೇ ಸಾಧ್ಯವಿಲ್ಲವೆಂದು ನಾರ್ವೆಯ ಆಬೆಲ್ 1824ರಲ್ಲಿ ತೋರಿಸಿದ್ದ. ಹಾಗಾದರೆ ಯಾವ ಸಮೀಕರಣ ಬಿಡಿಸಿಕೊಳ್ಳುತ್ತದೆ, ಯಾವುದು ಇಲ್ಲ? ಗಾಲ್ವಾ ಸಮೀಕರಣದ ಮೂಲಗಳನ್ನು, ಅಂದರೆ ಅದರ ಉತ್ತರಗಳನ್ನು, ಹುಡುಕಲು ಹೋಗಲಿಲ್ಲ. ಅವುಗಳ ನಡುವಿನ ಸಂಬಂಧ ಕೆಡದಂತೆ ಅವನ್ನು ಎಷ್ಟು ಬಗೆಯಲ್ಲಿ ಅದಲುಬದಲು ಮಾಡಬಹುದು ಎಂದು ನೋಡಿದ. ಆ ಅದಲುಬದಲುಗಳ ಗುಂಪಿನ ರಚನೆಯೇ ಉತ್ತರ ಹೇಳುತ್ತದೆ. ಲೆಕ್ಕ ಬಿಡಿಸುವುದನ್ನು ಬಿಟ್ಟು ಲೆಕ್ಕದ ಅಸ್ಥಿಪಂಜರವನ್ನೇ ಓದುವ ಕ್ರಮ ಇದು.

ಈ ಪ್ರಬಂಧವನ್ನು ಅಕಾಡೆಮಿಯ ಪರವಾಗಿ ಓದಿದ ಗಣಿತಜ್ಞ ಪ್ವಾಸೋನ್, ವಾದ ಸ್ಪಷ್ಟವಾಗಿಲ್ಲ, ಬೇಕಾದಷ್ಟು ವಿಸ್ತಾರವಾಗಿಲ್ಲ, ಸಿದ್ಧಾಂತ ಪೂರ್ತಿ ಪ್ರಕಟವಾಗಲಿ ಎಂದ. ದಂತಕಥೆಯಲ್ಲಿ ಅವನೊಬ್ಬ ಖಳ. ನನಗೆ ಹಾಗನ್ನಿಸುವುದಿಲ್ಲ. ಅಕಾಡೆಮಿಯ ಇನ್ನೊಬ್ಬ ಗಣಿತಜ್ಞ ಕೋಶಿಯ ಮೇಲೂ 1829ರ ಹಸ್ತಪ್ರತಿ ಕಳೆದನೆಂಬ ಆರೋಪವಿದೆ. ಆದರೆ ಗಾಲ್ವಾನ ಕೃತಿಯ ಬಗ್ಗೆ ವರದಿ ಒಪ್ಪಿಸಬೇಕೆಂದಿದ್ದೆ, ಮೈ ಸರಿಯಿಲ್ಲದೆ ಬರಲಾಗಲಿಲ್ಲ ಎಂದು ಕೋಶಿ 1830ರ ಜನವರಿಯಲ್ಲಿ ಬರೆದ ಪತ್ರ ಸಿಕ್ಕಿದೆ. ಹದಿಹರೆಯದ ಪ್ರತಿಭೆಗೆ ಎದುರಾಗಿ ಹಿರಿಯರನ್ನೆಲ್ಲ ಕುರುಡರನ್ನಾಗಿಸುವುದು ಕಥೆಗಾರನಿಗೆ ಸಲೀಸು. ಪ್ರಮೇಯದ ಸಾಧನೆ ಹೊಳೆದವನ ತಲೆಯಲ್ಲೇ ಉಳಿದರೆ ಅದು ಗಣಿತವಾಗುವುದಿಲ್ಲ. ಇನ್ನೊಬ್ಬ ಹೆಜ್ಜೆ ಹೆಜ್ಜೆಯಾಗಿ ನಡೆದು ಅದೇ ಜಾಗ ಮುಟ್ಟಬೇಕು. ಪ್ವಾಸೋನ್ ಕೇಳಿದ್ದು ಇಷ್ಟನ್ನೇ.

ಆ ದಾರಿಯನ್ನು ನಡೆದವನು ಗಣಿತಜ್ಞ ಲಿಯೂವಿಲ್. 1843ರಲ್ಲಿ ಅಕಾಡೆಮಿಗೆ ಗಾಲ್ವಾನ ಪ್ರಬಂಧದ ಸುದ್ದಿ ಮುಟ್ಟಿಸಿದ, 1846ರಲ್ಲಿ ತನ್ನ ಪತ್ರಿಕೆಯಲ್ಲಿ ಬರಹಗಳನ್ನು ಅಚ್ಚು ಮಾಡಿದ. ಗಾಲ್ವಾನ ಅತಿಯಾದ ಸಂಕ್ಷೇಪವೇ ತೊಡಕಾಗಿತ್ತೆಂದು ಅವನೂ ಬರೆದ. ಸಣ್ಣಪುಟ್ಟ ಕಂಡಿಗಳನ್ನು ತುಂಬಿದಾಗ ಸಾಧನೆ ಸರಿಯೆಂದು ಕಂಡು ಹಿಗ್ಗಿದ್ದನ್ನೂ ಬರೆದ.

ಸಾವಿನ ರೋಚಕತೆ ಇಲ್ಲದಿದ್ದರೆ ಈ ಹೆಸರು ಜನಸಾಮಾನ್ಯರವರೆಗೆ ಬರುತ್ತಿತ್ತೇ? ಬಹುಶಃ ಇಲ್ಲ, ಅಷ್ಟನ್ನು ಬಿಟ್ಟುಕೊಡಬೇಕು. ಆದರೆ ಆ ಕಾಲದ ಫ್ರಾನ್ಸಿನಲ್ಲಿ ದ್ವಂದ್ವಯುದ್ಧಕ್ಕೆ ಬಲಿಯಾದ ಬೇರೆ ತರುಣರ ಹೆಸರು ಯಾರ ಬಾಯಲ್ಲಿದೆ? ಗಾಲ್ವಾ ಎಂಬತ್ತರಲ್ಲಿ ಜ್ವರ ಬಂದು ಸತ್ತಿದ್ದರೂ ಪ್ರಮೇಯ ಅಷ್ಟೇ ಗಟ್ಟಿಯಾಗಿರುತ್ತಿತ್ತು.

ಇದು ಅವನಿಗೇ ಗೊತ್ತಿತ್ತು ಅನ್ನಿಸುತ್ತದೆ. ಪತ್ರದ ಕೊನೆಯಲ್ಲಿ ಅವನ ಕೋರಿಕೆ ಇದು: ಹಿರಿಯ ಗಣಿತಜ್ಞರಾದ ಯಾಕೋಬಿಯನ್ನೋ ಗೌಸ್‌ನನ್ನೋ ಬಹಿರಂಗವಾಗಿ ಕೇಳು, ಈ ಪ್ರಮೇಯಗಳು ಸತ್ಯವೇ ಎಂದಲ್ಲ, ಎಷ್ಟು ಮುಖ್ಯ ಎಂದು. ಮುಂದೆ ಯಾರಾದರೂ ಈ ಗೊಂದಲವನ್ನು ಬಿಡಿಸಿ ಲಾಭ ಕಂಡಾರು ಎಂಬ ಆಸೆಯನ್ನೂ ಸೇರಿಸಿದ. ತನ್ನ ಬಗ್ಗೆ ಹಾಡು ಕಟ್ಟುವವರಿಗಿಂತ ಭಾಷ್ಯ ಬರೆಯುವವರು ಅವನಿಗೆ ಬೇಕಾಗಿದ್ದರು. 1870ರಲ್ಲಿ ಗಣಿತಜ್ಞ ಕಮೀಯ್ ಜೋರ್ದಾಂ ಆರುನೂರಕ್ಕೂ ಹೆಚ್ಚು ಪುಟಗಳ ಗ್ರಂಥ ತಂದ. ಇದು ಗಾಲ್ವಾನ ಬರಹಗಳಿಗೆ ಒಂದು ವ್ಯಾಖ್ಯಾನವಷ್ಟೇ ಎಂದು ಮುನ್ನುಡಿಯಲ್ಲಿ ಹೇಳಿಕೊಂಡ.