ಗೆಣ್ಣಿನಲ್ಲಿ ನೆಲೆಸಿದ ಜೀವ

ಘಟಪ್ರಭೆಯ ಕಾಲುವೆಯ ನೀರುಂಡು ಬೆಳೆಯುವ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಬ್ಬಿನ ಸೀಮೆಯಲ್ಲಿ, ಬೀಜವನ್ನು ಬಿತ್ತದೆ ಗೆಣ್ಣನ್ನು ಹೂಳಿ ಬೆಳೆ ತೆಗೆಯುವುದು ರೈತನಿಗೆ ಎಷ್ಟು ಸಹಜವಾಗಿದೆಯೆಂದರೆ, ಒಂದು ಕಬ್ಬು ಹಲವು ತುಂಡಾಗಿ ಹಲವು ಕಬ್ಬಾದಾಗ ಅದರೊಳಗಿನ ಜೀವವು ಏನಾಯಿತೆಂಬ ಪ್ರಶ್ನೆ ಅವನಲ್ಲಿ ಏಳುವುದೇ ಅಪೂರ್ವ. ಚಹಾಕ್ಕೆಂದು ಹಿತ್ತಲಲ್ಲಿ ಪುದೀನೆಯನ್ನು ಬೆಳೆಸಹೊರಟ ಗೃಹಸ್ಥನಿಗಾದರೋ ಆ ಪ್ರಶ್ನೆಯನ್ನು ದಾಟಿಹೋಗುವುದು ಸುಲಭವಲ್ಲ.

ಸಸಿಯನ್ನು ಅರಸಿ ದೂರ ಹೋಗಬೇಕಾಗಿಲ್ಲ. ಸಂತೆಯಲ್ಲಿ ಕೊಂಡ ಪೆಂಡಿಯೊಳಗಿಂದ ಬಾಡದ ನಾಲ್ಕಾರು ಗಟ್ಟಿ ಕಡ್ಡಿಗಳನ್ನು ಆರಿಸಿ, ಕೆಳಗಿನ ಎಲೆಗಳನ್ನು ಬಿಡಿಸಿ, ಗೆಣ್ಣು ಮುಳುಗುವಂತೆ ನೀರಿನಲ್ಲಿ ನಿಲ್ಲಿಸಿದರೆ ವಾರ ಹತ್ತು ದಿನಗಳಲ್ಲಿ ಬಿಳಿಯ ಬೇರುಗಳು ತೋರುತ್ತವೆ. ನಮ್ಮ ಎರೆಮಣ್ಣು ನೀರನ್ನು ಹಿಡಿದಿಟ್ಟು ಬೇರನ್ನು ಕೊಳೆಯಿಸುವ ಸ್ವಭಾವದ್ದಾದುದರಿಂದ, ಅದಕ್ಕೆ ಮರಳನ್ನೂ ಹಳೆಯ ಸಗಣಿಗೊಬ್ಬರವನ್ನೂ ಬೆರೆಸಿ, ಕುಂಡದಲ್ಲಿ ನೆಟ್ಟು, ಮುಂಜಾನೆಯ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವಲ್ಲಿ ಇರಿಸುವುದು ಲೇಸು.

ಹಣ ಕೊಟ್ಟು ತಂದುದು ಅಡುಗೆಯ ಸೊಪ್ಪು. ನೀರಿನಲ್ಲಿ ಬೇರು ಬಿಟ್ಟುದು ಒಂದು ಗಿಡ. ಇದು ಹೊಸ ಜನ್ಮವೋ, ಹಳೆಯ ಬಾಳಿನ ಮುಂದುವರಿಕೆಯೋ? ಪೆಪ್ಪರ್‌ಮಿಂಟ್ ಎಂಬ ಜಾತಿಯಂತೂ ಎರಡು ಬಗೆಯ ಪುದೀನೆಗಳ ಸಂಕರದಿಂದ ಹುಟ್ಟಿ ಬೀಜಶಕ್ತಿಯನ್ನು ಕಳೆದುಕೊಂಡುದಾದ ಕಾರಣ, ಲೋಕದ ಯಾವ ಮೂಲೆಯಲ್ಲಿ ಬೆಳೆದರೂ ಅದು ಕಡ್ಡಿಯಿಂದ ಕಡ್ಡಿಗೆ, ಬೇರಿನಿಂದ ಬೇರಿಗೆ ದಾಟಿಬಂದುದೇ ಆಗಿದೆ.

ಇಂತಹ ಪ್ರಶ್ನೆಯನ್ನು ಕನ್ನಡ ನಾಡಿನಲ್ಲಿ ಕೂಲಂಕಷವಾಗಿ ವಿಚಾರಿಸಿದವರು ಜೈನಾಚಾರ್ಯರು. ಗಂಗರ ಮಂತ್ರಿ ಚಾವುಂಡರಾಯನಿಗೆ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 10ನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ರಚಿಸಿದ ಗೊಮ್ಮಟಸಾರವು, ಬೇರಿನಿಂದ, ತುದಿಯಿಂದ, ಗೆಣ್ಣಿನಿಂದ, ಗೆಡ್ಡೆಯಿಂದ, ಬೀಜದಿಂದ ಹುಟ್ಟುವವುಗಳೆಂದು ಸಸ್ಯಗಳನ್ನು ವಿಂಗಡಿಸಿ, ಒಂದು ಶರೀರಕ್ಕೆ ಒಂದೇ ಜೀವವುಳ್ಳ ಪ್ರತ್ಯೇಕವೆಂದೂ, ಅನಂತ ಜೀವಗಳು ಒಂದೇ ಶರೀರದಲ್ಲಿದ್ದು ಆಹಾರವನ್ನೂ ಉಸಿರನ್ನೂ ಕೂಡಿಯೇ ನಡೆಸುವ ಸಾಧಾರಣವೆಂದೂ ಭೇದವನ್ನು ಹೇಳುತ್ತದೆ; ಕತ್ತರಿಸಿದರೂ ಮತ್ತೆ ಬೆಳೆಯುವುದು ಸಾಧಾರಣದ ಲಕ್ಷಣಗಳಲ್ಲೊಂದು. ಅಖಂಡವಾದ ಆತ್ಮವು ಕಡ್ಡಿಯೊಡನೆ ತುಂಡಾಯಿತೆಂಬುದನ್ನು ವೇದಾಂತಿ ಒಪ್ಪಲಾರನು. ತುಂಡಿಗೆ ಬೇರೊಂದು ಜೀವ ಹೊರಗಿನಿಂದ ಬಂದು ಸೇರಿತೆನ್ನಲು ಕಣ್ಣಿಗೆ ಕಾಣುವ ಆಧಾರವಿಲ್ಲ. ಹಲವು ಜೀವಗಳು ಮೊದಲಿನಿಂದಲೂ ಒಂದೇ ಮೈಯಲ್ಲಿ ಕೂಡಿ ಬಾಳುತ್ತಿದ್ದವು, ಕತ್ತರಿಯು ಅವುಗಳ ವಾಸವನ್ನಷ್ಟೇ ಬೇರ್ಪಡಿಸಿತು ಎಂಬ ಉತ್ತರವೇ ಪುದೀನೆಯ ವಿಷಯದಲ್ಲಿ ಕಂಡ ಸತ್ಯಕ್ಕೆ ಹೆಚ್ಚು ಸಮೀಪವೆಂದು ನನ್ನ ನಂಬುಗೆ.

ಈ ಉತ್ತರವನ್ನು ಒಪ್ಪಿದವನು ಅದರ ಹೊಣೆಯನ್ನೂ ಹೊರಬೇಕು. ಈ ಭಾಗದ ಹಳ್ಳಿಗಳಲ್ಲಿ ಒಕ್ಕಲುತನ ಮಾಡುವ ಜೈನ ಮನೆತನಗಳಲ್ಲಿ ಚಾತುರ್ಮಾಸದಲ್ಲಿ ಸೊಪ್ಪನ್ನು ತ್ಯಜಿಸುವ ವ್ರತಸ್ಥರಿದ್ದಾರೆ. ಪುದೀನೆ ಹುಲುಸಾಗಿ ಹಬ್ಬುವುದೂ ಆ ಮಳೆಗಾಲದಲ್ಲಿಯೇ. ಅವರ ಸಂಯಮವನ್ನು ಎಲ್ಲರೂ ಪಾಲಿಸಬೇಕೆಂದು ನಾನು ಹೇಳಲಾರೆ. ಆದರೆ ಚಹಾಕ್ಕೆ ಎಂಟು ಹತ್ತು ಎಲೆಗಳು ಸಾಕು. ಚಹಾವನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಿ ಮುಚ್ಚಿಟ್ಟರೆ, ಕುದಿಗೆ ಹಾರಿಹೋಗುವ ತೈಲವು ಪಾತ್ರೆಯಲ್ಲಿಯೇ ಉಳಿದು, ಅಲ್ಪದರಿಂದಲೇ ಪರಿಮಳ ದೊರೆಯುತ್ತದೆ. ತುದಿಯನ್ನು ಮಾತ್ರ ಚಿವುಟಿರಿ; ಕೆಳಗೆ ಎರಡು ಗೆಣ್ಣುಗಳನ್ನಾದರೂ ಎಲೆಸಹಿತ ಬಿಡಿರಿ, ಅಲ್ಲಿಂದ ಹೊಸ ಕವಲುಗಳು ಒಡೆಯುತ್ತವೆ. ನೆರೆಯವರು ಕಡ್ಡಿಯೊಂದನ್ನು ಕೇಳಿದರೆ ಇಲ್ಲವೆನ್ನದೆ ಕೊಟ್ಟು ಕಳುಹಿಸಿರಿ.