ಇನ್ನೊಬ್ಬರಿಗಾಗಿ ಬೇಡುವುದು

ಎಲ್ಲವನ್ನೂ ಬಲ್ಲ ದೇವರಿಗೆ ಪಕ್ಕದ ಮನೆಯವರ ಕಾಯಿಲೆಯನ್ನು ನಾವು ತಿಳಿಸಬೇಕೇ? ನಾವು ಬೇಡಿಕೊಳ್ಳುವವರೆಗೆ ಆತನ ಕರುಣೆ ಕಾದು ಕೂತಿರುತ್ತದೆಯೇ? ಪರರಿಗಾಗಿ ಪ್ರಾರ್ಥಿಸುವ ಕ್ರೈಸ್ತರು ಈ ಪ್ರಶ್ನೆಗೆ ಮುಖ ತಪ್ಪಿಸಬಾರದು.

ಅಮೆರಿಕದ ಕೆಲವು ವೈದ್ಯರು ಇಂಥ ಪ್ರಾರ್ಥನೆಯ ಫಲವನ್ನು ಪರೀಕ್ಷೆಗೇ ಒಡ್ಡಿದರು. ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಬಂದ 1,802 ಮಂದಿಯನ್ನು ಮೂರು ಗುಂಪು ಮಾಡಿ, ಎರಡು ಗುಂಪಿನವರಿಗಾಗಿ ಪ್ರಾರ್ಥನೆ ಮಾಡಿಸಿದರು. 2006ರಲ್ಲಿ ಫಲಿತಾಂಶ ಬಂತು: ಪ್ರಾರ್ಥನೆಯಿಂದ ತೊಡಕುಗಳೇನೂ ಕಡಿಮೆಯಾಗಿರಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ಗೊತ್ತಿದ್ದವರಲ್ಲಂತೂ ತೊಡಕು ತುಸು ಹೆಚ್ಚೇ ಇತ್ತು. ಈ ಫಲಿತಾಂಶವನ್ನು ನಾನು ಒಪ್ಪುತ್ತೇನೆ. ಆದರೆ ಪ್ರಾರ್ಥಿಸಿದವರ ಕೈಗೆ ಸಿಕ್ಕಿದ್ದೇನು? ಕಂಡರಿಯದ ರೋಗಿಯ ಹೆಸರು, ಮನೆತನದ ಹೆಸರಿನ ಮೊದಲ ಅಕ್ಷರ, ಜೊತೆಗೆ ಸೇರಿಸಿ ಹೇಳಬೇಕಾದ ಒಂದು ಸಿದ್ಧ ವಾಕ್ಯ. ಅಳತೆಗೆ ಒಗ್ಗಲೆಂದು ಎಲ್ಲ ಸಂಬಂಧವನ್ನೂ ಕಳಚಿಟ್ಟ ಪ್ರಾರ್ಥನೆ ಅದು.

ಸಂಬಂಧದೊಳಗಿನ ಪ್ರಾರ್ಥನೆ ಹೇಗಿರುತ್ತದೆಂದು ತಿಳಿಯಲು ಸತ್ಯವೇದದ ಯೋಬನನ್ನು ನೋಡಿ. ಮಕ್ಕಳು ಸತ್ತು, ಆಸ್ತಿ ಹೋಗಿ, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತವನ ಮುಂದೆ ಮೂವರು ಗೆಳೆಯರು ಬಂದು, ನೀನೇ ಪಾಪ ಮಾಡಿರಬೇಕೆಂದು ಅಧ್ಯಾಯಗಟ್ಟಲೆ ವಾದಿಸುತ್ತಾರೆ. ಕೊನೆಗೆ ದೇವರು ಆ ಗೆಳೆಯರ ಮೇಲೆ ಸಿಟ್ಟಾಗಿ, ಯೋಬನು ನಿಮಗಾಗಿ ಬೇಡಿಕೊಳ್ಳಲಿ ಎನ್ನುತ್ತಾನೆ. ಯೋಬ ಬೇಡುತ್ತಾನೆ. ಅವರು ಅವನ ಕ್ಷಮೆ ಕೇಳಿದರೆಂದು ಅಲ್ಲಿ ಬರೆದಿಲ್ಲ; ಅವನು ಕಳಕೊಂಡದ್ದೂ ಇನ್ನೂ ಮರಳಿರಲಿಲ್ಲ. ಅವನ ದೆಸೆ ತಿರುಗಿದ್ದು ಹಾಗೆ ಬೇಡಿಕೊಂಡಾಗ.

ಹೀಗೆ ಪರರಿಗಾಗಿ ಬೇಡುವುದನ್ನು ದಿನನಿತ್ಯದ ಶಿಸ್ತಾಗಿ ಕಲಿಸಿದವರು ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಷ್ ಬೊನ್‌ಹಾಫರ್. ಫಿಂಕನ್‌ವಾಲ್ಡೆಯಲ್ಲಿ ಅವರು ನಡೆಸುತ್ತಿದ್ದ ಪಾದ್ರಿಗಳ ತರಬೇತಿ ಶಾಲೆಯನ್ನು 1937ರಲ್ಲಿ ನಾಜಿಗಳ ಗುಪ್ತ ಪೊಲೀಸ್ ದಳ ಗೆಸ್ಟಾಪೊ ಮುಚ್ಚಿಸಿತು. ಅಲ್ಲಿನ ಸಹಜೀವನದಿಂದ ಹುಟ್ಟಿ 1939ರಲ್ಲಿ ಬಂದ ಪುಸ್ತಕದಲ್ಲಿ ಅವರ ನಿಲುವು ಇಷ್ಟು: ಯಾರಿಗಾಗಿ ಪ್ರಾರ್ಥಿಸುತ್ತೇನೋ ಅವನು ಎಷ್ಟೇ ತೊಂದರೆ ಕೊಡಲಿ, ಅವನನ್ನು ದ್ವೇಷಿಸುತ್ತ ಇರಲು ನನ್ನಿಂದಾಗದು. ಒಂದೇ ಸೂರಿನಡಿ ಇದ್ದ ಯುವಕರ ಬದುಕಿನಿಂದ ಬಂದ ಮಾತಿದು. ಮನೆಯಲ್ಲಾಗಲಿ ಸಭೆಯಲ್ಲಾಗಲಿ, ಒಬ್ಬರ ಮುಖ ಒಬ್ಬರಿಗೆ ಬೇಡವಾಗುವುದು ಅಷ್ಟು ಹತ್ತಿರವಿದ್ದಾಗಲೇ.

ಹಾಗೆಂದು ಇದು ಬೇಡುವವನ ಮನಸ್ಸನ್ನು ತಿದ್ದುವ ಉಪಾಯ ಮಾತ್ರ ಎಂದರೆ ನಾನು ಒಪ್ಪೆ. ಕೇಳುವವನೊಬ್ಬನಿದ್ದಾನೆಂದು ನಂಬಿಯೇ ಬೇಡುತ್ತೇವೆ. ದಿನದ ಅನ್ನವನ್ನು ರೈತನ ಕೈಯಿಂದ ಕೊಡಿಸುವ ದೇವರು ಕೃಪೆಯನ್ನು ನೆರೆಯವನ ಬೇಡಿಕೆಯ ಮೂಲಕ ಕೊಟ್ಟರೆ ಅದರಲ್ಲಿ ಅಸಂಗತವೇನು?

ಹಾಗಾದರೆ ಬೇಡುವುದು ಹೇಗೆ? ‘ಕರ್ತನೇ, ನನ್ನ ಸೊಸೆಗೆ ಒಳ್ಳೆ ಬುದ್ಧಿ ಕೊಡು’ ಎಂಬುದು ದೂರು. ಅವಳ ಬೆನ್ನುನೋವು, ತವರಿನ ಚಿಂತೆ ಕೇಳಿ ತಿಳಿದುಕೊಂಡು ಅವಳಿಗಾಗಿ ಬೇಡಬೇಕು. ಹಾಗೆ ತಿಳಿದವರು ಸುಮ್ಮನೆ ಕೂರಲಾರರು. ಹಸಿದವನ ಹೊಟ್ಟೆಗೆ ಏನೂ ಕೊಡದೆ ಹರಸಿ ಕಳಿಸುವುದನ್ನು ಯಾಕೋಬನ ಪತ್ರಿಕೆ ಖಂಡಿಸುತ್ತದೆ. ಮೊಬೈಲಿನಲ್ಲಿ ಕೈಮುಗಿದ ಚಿತ್ರ ಕಳಿಸಿ ಮರೆತುಬಿಡುವುದೂ ಅದೇ ಸಾಲಿನದು.

ಬರುವ ಭಾನುವಾರ ಸಭೆಯಲ್ಲಿ ಕಾಯಿಲೆಯವರ ಹೆಸರು ಓದುವಾಗ ಒಂದನ್ನಾದರೂ ನೆನಪಿಟ್ಟುಕೊಳ್ಳಿ. ವಾರವಿಡೀ ಆ ಹೆಸರೆತ್ತಿ ಬೇಡಿ, ಒಮ್ಮೆ ಹೋಗಿ ನೋಡಿಕೊಂಡು ಬನ್ನಿ. ನೀವು ಮಾತು ಬಿಟ್ಟವರು ಯಾರಾದರೂ ಇದ್ದರೆ ಅವರ ಹೆಸರಿನಿಂದಲೇ ಶುರುಮಾಡಿ.