ಯಾರೂ ಹತ್ತದ ಬೆಟ್ಟ

‘ಇದುವರೆಗೆ ಯಾರೂ ಏರದ ಶಿಖರ’ ಎಂಬ ಮಾತು ಪರ್ವತಾರೋಹಿಗಳ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಓದುವಾಗಲೆಲ್ಲ ನನ್ನ ಕಣ್ಣು ‘ಯಾರೂ’ ಎಂಬ ಶಬ್ದದ ಮೇಲೆ ನಿಂತುಬಿಡುತ್ತದೆ. ಈ ‘ಯಾರೂ’ ಎಂಬುದರಲ್ಲಿ ಯಾರ್‍ಯಾರು ಸೇರಿದ್ದಾರೆ? ಕಳೆದುಹೋದ ಕುರಿಯನ್ನು ಹುಡುಕುತ್ತಾ ಮೇಲೇರಿದ ಹುಡುಗ ಸೇರಿದ್ದಾನೆಯೇ? ಸೌದೆ ಹೊರುವ ಹೆಂಗಸು? ಅಥವಾ ಹೋಗಿ ಬಂದದ್ದನ್ನು ಬರೆದಿಡಬಲ್ಲವರು ಮಾತ್ರವೇ?

ಎಂಟು ಸಾವಿರ ಮೀಟರಿಗಿಂತ ಎತ್ತರದ 14 ಶಿಖರಗಳನ್ನೂ 1950ರಿಂದ 1964ರ ಒಳಗೆ ಮನುಷ್ಯರು ಏರಿ ಮುಗಿಸಿದರು. ಅಲ್ಲಿಂದೀಚೆಗೆ ಹೊಸತನ್ನು ಬಯಸುವವರಿಗೆ ಉಳಿದದ್ದು ಎರಡೇ. ಏರಿದ ಶಿಖರಕ್ಕೇ ಇನ್ನೊಂದು ಮಗ್ಗುಲಿನಿಂದ ಹೊಸ ದಾರಿ ಹುಡುಕುವುದು. ಇಲ್ಲವೇ ಕಾರಾಕೋರಂನಂತಹ ದೂರದ ಸಾಲುಗಳಿಗೆ ಹೋಗಿ, ನಕ್ಷೆಯಲ್ಲಿ ಹೆಸರಿಲ್ಲದೆ ಬರೀ ಎತ್ತರದ ಅಂಕಿಯಾಗಿ ಉಳಿದಿರುವ ಆರೇಳು ಸಾವಿರ ಮೀಟರಿನ ತುದಿಗಳನ್ನು ಅರಸುವುದು. ಹಳೆಯ ನಕ್ಷೆ, ಹಿಂದೆ ಹೋದವರ ಫೋಟೋಗಳು, ಈಗೀಗ ಉಪಗ್ರಹದ ಚಿತ್ರಗಳು. ಇವನ್ನು ಹರಡಿಕೊಂಡು ತಿಂಗಳುಗಟ್ಟಲೆ ಕೂರುವವರಿದ್ದಾರೆ. ಈ ಹುಚ್ಚನ್ನು ನಾನು ಗೇಲಿ ಮಾಡಲಾರೆ. ಕತೆ ಬರೆಯುವವನಿಗೂ ಯಾರೂ ಬರೆಯದ ಕತೆಯೊಂದು ಎಲ್ಲೋ ಇದೆ ಎಂಬ ಆಸೆಯೇ ಊಟ, ನಿದ್ದೆ ಎಲ್ಲವೂ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಿಜಕ್ಕೂ ಯಾರೂ ಹತ್ತದ ಜಾಗಗಳಿವೆ. 1856ರಲ್ಲಿ ಬ್ರಿಟಿಷ್ ಸರ್ವೇಯರ್ ಮಾಂಟ್ಗೊಮರಿ ಕಾಶ್ಮೀರದ ಹರಮುಖ್ ಬೆಟ್ಟದ ಮೇಲೆ ನಿಂತು, ದೂರದಲ್ಲಿ ಕಂಡ ಕಾರಾಕೋರಂ ಶಿಖರಗಳಿಗೆ ಕೆ-1, ಕೆ-2 ಎಂದು ಅಂಕಿ ಹಾಕಿಕೊಂಡ. ಕೆ-1ಕ್ಕೆ ಆಗಲೇ ಮಶರ್‌ಬ್ರುಮ್ ಎಂಬ ಹೆಸರಿತ್ತು, ಅಂಕಿ ಅಳಿಯಿತು. ಕೆ-2 ಯಾವ ಹಳ್ಳಿಯ ಅಂಗಳದಿಂದಲೂ ಕಾಣುವುದಿಲ್ಲ. ಅದಕ್ಕೇ ಅಂಕಿಯೇ ಅದರ ಹೆಸರಾಗಿ ಉಳಿಯಿತು. 8611 ಮೀಟರಿನ ಆ ತುದಿಗೆ ಸೌದೆಗಾಗಿ ಯಾರೂ ಹೋಗಿರಲಾರರು.

ಆದರೆ ಆ ತುದಿಯ ಬುಡದವರೆಗೆ ಸಾಹೇಬರನ್ನು ಕರೆದೊಯ್ದವರು ಯಾರು? ಗುಲಾಂ ರಸೂಲ್ ಗಲ್ವಾನ್ ಎಂಬ ಲೇಹ್‌ನ ಬಡ ಹುಡುಗ ಹರೆಯಕ್ಕೆ ಕಾಲಿಡುವಾಗಲೇ ಯುರೋಪಿಯನ್ ಅನ್ವೇಷಕರ ಕುದುರೆಗಳ ಹಿಂದೆ ಹೊರಟವನು. ಕಣಿವೆಯೊಂದರಲ್ಲಿ ದಾರಿಗಾಣದೆ ನಿಂತ ತಂಡಕ್ಕೆ ಈ ಹುಡುಗ ಹೊರದಾರಿ ಹುಡುಕಿಕೊಟ್ಟನೆಂದು ಹೇಳುತ್ತಾರೆ. ಅಲ್ಲಿನ ನದಿಗೆ ಅವನ ಹೆಸರೇ ಬಂತು. 2020ರ ಜೂನ್‌ನಲ್ಲಿ ನಮ್ಮ 20 ಮಂದಿ ಸೈನಿಕರು ಪ್ರಾಣ ತೆತ್ತಾಗ ದೇಶದ ಬಾಯಲ್ಲೆಲ್ಲ ಇದ್ದ ಗಲ್ವಾನ್ ಎಂಬ ಹೆಸರು ಒಬ್ಬ ಕುದುರೆಯಾಳಿನದು ಎಂದು ಎಷ್ಟು ಮಂದಿಗೆ ಗೊತ್ತಿತ್ತು? 1923ರಲ್ಲಿ ಅವನ ಆತ್ಮಕಥೆ ಪ್ರಕಟವಾಯಿತು. ಅದರ ಇಂಗ್ಲಿಷ್ ಹೆಸರನ್ನು ಕನ್ನಡಕ್ಕೆ ತಂದರೆ ‘ಸಾಹೇಬರ ಸೇವಕ’ ಎಂದಾಗುತ್ತದೆ. ದಾರಿ ತೋರಿದವನು ತನ್ನ ಪುಸ್ತಕದ ಹೊದಿಕೆಯ ಮೇಲೂ ಸೇವಕನೇ.

ನದಿಗೆ ಹೆಸರು ಬಂದ ರಸೂಲ್ ಅದೃಷ್ಟವಂತ. ಹುಂಜಾದ ಆಮಿರ್ ಮೆಹದಿಗೆ ಅಷ್ಟೂ ಸಿಗಲಿಲ್ಲ. 1954ರ ಜುಲೈ 31ರಂದು ಇಬ್ಬರು ಇಟಾಲಿಯನ್ನರು ಕೆ-2ರ ತುದಿ ಮುಟ್ಟಿದರು. ಅವರಿಗೆ ಬೇಕಾದ ಆಮ್ಲಜನಕದ ಸಿಲಿಂಡರುಗಳನ್ನು ಹಿಂದಿನ ದಿನ ಹೊತ್ತು ತಂದವರು ವಾಲ್ಟರ್ ಬೊನಾಟ್ಟಿ ಎಂಬ ತರುಣ ಮತ್ತು ಮೆಹದಿ. ಮೇಲಿನ ಡೇರೆ ಹೇಳಿದ ಜಾಗದಲ್ಲಿರಲಿಲ್ಲ. ಕತ್ತಲಾಯಿತು. ಸುಮಾರು 8100 ಮೀಟರ್ ಎತ್ತರದಲ್ಲಿ ಇಬ್ಬರೂ ಡೇರೆಯೂ ಇಲ್ಲದೆ ಹಿಮದಲ್ಲಿ ಕೂತು ರಾತ್ರಿ ಕಳೆದರು. ಮೆಹದಿ ಕಾಲ್ಬೆರಳುಗಳನ್ನು ಕಳೆದುಕೊಂಡ. ಆ ರಾತ್ರಿಯ ಬಗ್ಗೆ ಬೊನಾಟ್ಟಿ ಹೇಳಿದ್ದೇ ಸರಿಯೆಂದು ಇಟಲಿಯ ಆಲ್ಪೈನ್ ಕ್ಲಬ್ ಒಪ್ಪಲು ಅರ್ಧ ಶತಮಾನ ಬೇಕಾಯಿತು. ಅಷ್ಟರಲ್ಲಿ ಮೆಹದಿ ಬದುಕಿರಲಿಲ್ಲ.

ಇಷ್ಟು ದೂರದ ಮಾತು ಹೆಬಳೆಯಲ್ಲಿ ಕೂತವನಿಗೆ ಯಾಕೆ ಎಂದು ನೀವು ಕೇಳಬಹುದು. ನಮ್ಮಲ್ಲಿ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ. ವಿಜಯನಗರದ ಕಾಲದಲ್ಲಿ ಭಟ್ಕಳದ ಬಂದರಿನಲ್ಲಿಳಿದ ಅರಬ್ಬಿ ಕುದುರೆಗಳು ಈ ಘಟ್ಟ ಹತ್ತಿಯೇ ರಾಜಧಾನಿಗೆ ಹೋದವು. ಮೆಣಸು ಅದೇ ಘಟ್ಟ ಇಳಿದು ಹಡಗು ಸೇರಿತು. ಮೊಟ್ಟಮೊದಲು ಆ ಕಾಡಿನೊಳಗೆ ದಾರಿ ಕಂಡವನ ಹೆಸರು ಯಾರು ಬಲ್ಲರು? ಮೀನುಗಾರರಿಗೂ ಈ ಗುಡ್ಡಗಳ ತುದಿ ಗೊತ್ತು. ಜಿಪಿಎಸ್ ಬರುವ ಮುನ್ನ, ದೂರದ ಗುಡ್ಡದ ನೆತ್ತಿ ಮತ್ತು ದಡದ ಯಾವುದೋ ಮರ ಒಂದೇ ಗೆರೆಗೆ ಬಂದಾಗ ಬಲೆ ಹಾಕುವ ಜಾಗ ಇದೇ ಎಂದು ಅವರು ಗುರುತಿಸುತ್ತಿದ್ದರು. ಕಾಲಿಡದ ಬೆಟ್ಟವನ್ನು ಅವರಷ್ಟು ನೋಡಿದವರಿಲ್ಲ.

ಇನ್ನು ನಮ್ಮ ಜಿಲ್ಲೆಯ ಕನ್ನಡದಲ್ಲಿ ‘ಬೆಟ್ಟ’ ಎಂದರೆ ಎತ್ತರವೇ ಆಗಬೇಕೆಂದಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು ತರುವ ಜಾಗ ‘ಸೊಪ್ಪಿನ ಬೆಟ್ಟ’. ಬೆಟ್ಟಕ್ಕೆ ಹೋಗುವುದೆಂದರೆ ಕೆಲಸಕ್ಕೆ ಹೋಗುವುದು.

ದುಬೈಯಲ್ಲಿರುವ ನನ್ನ ತಂಗಿಯ ಮಗನಿಗೆ ಚಾರಣದ ಗೀಳು. ಕೆಲವು ವರ್ಷಗಳ ಹಿಂದೆ ರಜೆಗೆ ಬಂದಾಗ ಫೋನಿನಲ್ಲಿ ಘಟ್ಟದ ನಕ್ಷೆ ತೋರಿಸಿ, ‘ಮಾಮು, ಈ ತುದಿಗೆ ಯಾರೂ ಹೋದ ದಾಖಲೆ ಇಲ್ಲ’ ಎಂದ. ದಾರಿ ತೋರಿಸಲು ಘಟ್ಟದ ಬುಡದಲ್ಲಿ ಮನೆ ಇರುವ ನಾಮಧಾರಿ ಅಜ್ಜನೊಬ್ಬನನ್ನು ಗೊತ್ತು ಮಾಡಿದೆವು. ಮಳೆಗಾಲದಲ್ಲಿ ಉಪ್ಪಾಗೆ ಹೆಕ್ಕಲು ಅಜ್ಜ ಆ ನೆತ್ತಿಯನ್ನೂ ದಾಟಿ ಹೋಗುವವನು. ಅವನ ಅಪ್ಪನೂ ಹೋಗುತ್ತಿದ್ದನಂತೆ. ಆ ಗುಡ್ಡಕ್ಕೆ ಅವರ ಮನೆಯಲ್ಲಿ ಒಂದು ಹೆಸರಿತ್ತು. ಕಣಿವೆಯ ಆಚೆಯವರು ಕರೆಯುವುದು ಬೇರೆ ಹೆಸರಿನಿಂದ. ನನ್ನ ಅಳಿಯನಿಗೆ ಅದಕ್ಕೆ ತನ್ನ ಮಗಳ ಹೆಸರಿಡುವ ಆಸೆ. ಅಜ್ಜ ನಕ್ಕ. ‘ಹೆಸ್ರು ಇಡೂಕೆ ಅದೇನ್ ನಿನ್ನೆ ಹುಟ್ಟಿದ್ದಾ ತಮಾ?’

ಇದನ್ನು ನಗೆಯ ಪ್ರಸಂಗವೆಂದು ಬಿಟ್ಟುಬಿಡಬಹುದಿತ್ತು. ಆದರೆ ‘ದಾಖಲೆ ಇಲ್ಲ’ ಎಂಬ ಎರಡು ಶಬ್ದಗಳನ್ನು ಅಜ್ಜ ಬೇರೆ ಕಡೆಯೂ ಕೇಳಿಸಿಕೊಂಡಿದ್ದ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. 1930ರ ಕಾಗದವನ್ನು ಘಟ್ಟದ ಬುಡದ ಗುಡಿಸಲಿನಲ್ಲಿ ಯಾರು ಜೋಪಾನ ಮಾಡಿಟ್ಟಿದ್ದಾರೆ? ಊರ ಹಿರಿಯರ ಹೇಳಿಕೆಯೂ ಸಾಕ್ಷ್ಯವೇ ಎನ್ನುತ್ತವೆ ನಿಯಮಗಳು. ಇಂಥದೇ ದಾಖಲೆ ಬೇಕೆಂದು ಹಟ ಹಿಡಿಯಬಾರದೆಂದು 2012ರ ತಿದ್ದುಪಡಿಯೂ ಹೇಳಿತು. ಆದರೂ ಉತ್ತರ ಕನ್ನಡದಲ್ಲಿ ತಿರಸ್ಕೃತವಾದ ಅರ್ಜಿಗಳ ಸಂಖ್ಯೆ ಸಾವಿರಗಳಲ್ಲಿದೆ. ಅವುಗಳಲ್ಲಿ ನಾಮಧಾರಿಗಳಿದ್ದಾರೆ, ಹಾಲಕ್ಕಿಗಳಿದ್ದಾರೆ, ನಮ್ಮ ಮುಸ್ಲಿಮರೂ ಇದ್ದಾರೆ. 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತರಾದವರನ್ನು ಒಕ್ಕಲೆಬ್ಬಿಸಲು ಸುಪ್ರೀಂ ಕೋರ್ಟ್ ಹೇಳಿತ್ತು. ಅದೇ 28ರಂದು ಆ ಆದೇಶಕ್ಕೆ ತಾನೇ ತಡೆ ನೀಡಿತು. ಆ ಎರಡು ವಾರ ಇಲ್ಲಿನ ಎಷ್ಟೋ ಮನೆಗಳಲ್ಲಿ ನಿದ್ದೆ ಇರಲಿಲ್ಲ.

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಒಬ್ಬನಿಗೆ ‘ದಾಖಲೆ ಇಲ್ಲ’ ಎಂದರೆ ಇದು ಖಾಲಿ, ಆದ್ದರಿಂದ ನಾನೇ ಮೊದಲಿಗ ಎಂದರ್ಥ. ಇನ್ನೊಬ್ಬನಿಗೆ ಅದೇ ಮಾತು, ನೀನು ಇಲ್ಲಿ ಇರಲೇ ಇಲ್ಲ ಎಂಬ ತೀರ್ಪು. ಒಂದು ಬೆಳಿಗ್ಗೆ ಹೋಗಿ ಫೋಟೋ ತೆಗೆದವನಿಗೆ ಸಾಕ್ಷ್ಯವಿದೆ. ಎಪ್ಪತ್ತು ಮಳೆಗಾಲ ನಡೆದವನಿಗೆ ಇಲ್ಲ. ಹೊಸ ತುದಿ ಹುಡುಕುವವನಲ್ಲಿ ದುರುದ್ದೇಶವಿದೆ ಎಂದು ನಾನು ಹೇಳುತ್ತಿಲ್ಲ. ಕಾಣದ್ದನ್ನು ಕಾಣಬೇಕೆಂಬ ಹಂಬಲ ದೊಡ್ಡದೇ. ತಕರಾರಿರುವುದು ಮುಂದಿನ ಹೆಜ್ಜೆಯಲ್ಲಿ: ಕಂಡದ್ದನ್ನು ತನ್ನ ಹೆಸರಿಗೆ ಖಾತೆ ಮಾಡಿಸಿಕೊಳ್ಳುವಲ್ಲಿ.

ಆ ಹೆಜ್ಜೆಯನ್ನು ಇಡದವರೂ ಇದ್ದಾರೆ. 1955ರಲ್ಲಿ ಜಾರ್ಜ್ ಬ್ಯಾಂಡ್ ಮತ್ತು ಜೋ ಬ್ರೌನ್ ಕಾಂಚನಜುಂಗಾವನ್ನು ಮೊದಲ ಬಾರಿ ಏರಿದಾಗ, ಸಿಕ್ಕಿಂನವರಿಗೆ ಪವಿತ್ರವಾದ ನೆತ್ತಿಯನ್ನು ತುಳಿಯುವುದಿಲ್ಲ ಎಂಬ ಮಾತಿಗೆ ಕಟ್ಟುಬಿದ್ದು ಕೆಲವೇ ಅಡಿ ಕೆಳಗೆ ನಿಂತರು. ಆದರೂ ಅವರನ್ನು ಅದರ ಮೊದಲ ಆರೋಹಿಗಳೆಂದೇ ಜಗತ್ತು ಒಪ್ಪಿದೆ. ಭೂತಾನ್ 1994ರಲ್ಲಿ 6000 ಮೀಟರಿಗಿಂತ ಎತ್ತರದ ಬೆಟ್ಟಗಳನ್ನು ಏರುವುದನ್ನು ನಿಷೇಧಿಸಿ, 2003ರಲ್ಲಿ ಪರ್ವತಾರೋಹಣವನ್ನೇ ನಿಲ್ಲಿಸಿತು. 7570 ಮೀಟರಿನ ಗಂಗ್‌ಖರ್ ಪುನ್ಸುಮ್ ಇಂದಿಗೂ ಯಾರ ಹೆಸರಿಗೂ ಆಗದೆ ನಿಂತಿದೆ. ಅಷ್ಟು ದೂರ ಯಾಕೆ, ಕುಮಟಾ ತಾಲೂಕಿನ ಯಾಣವನ್ನೇ ನೋಡಿ. 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ. ಶಿವರಾತ್ರಿಗೆ ಬರುವ ಜನ ಬಂಡೆಯ ಸೀಳಿನೊಳಗೆ ನುಸುಳಿ ಸುತ್ತು ಬರುತ್ತಾರೆ. ಮೇಲಿನದನ್ನು ಜೇನುಹುಳುಗಳಿಗೆ ಬಿಟ್ಟಿದ್ದಾರೆ.

2021ರ ಜನವರಿ 16ರಂದು ಕೆ-2ವನ್ನು ಚಳಿಗಾಲದಲ್ಲಿ ಮೊದಲ ಬಾರಿ ಏರಿದವರು ಹತ್ತು ಮಂದಿ ನೇಪಾಳಿಗಳು, ಹಿಂದೆಲ್ಲ ಬೇರೆಯವರ ಹೊರೆ ಹೊತ್ತವರ ಕಡೆಯವರು. ತುದಿಗೆ ಹತ್ತು ಮೀಟರ್ ಇರುವಾಗ ಮುಂದಿದ್ದವರು ನಿಂತು ಹಿಂದಿದ್ದವರಿಗಾಗಿ ಕಾದರು. ಮೈ ಕೊರೆಯುವ ಆ ಚಳಿಯಲ್ಲಿ ಒಂದೊಂದು ನಿಮಿಷವೂ ಪ್ರಾಣಕ್ಕೆ ಸಂಚಕಾರ. ಆದರೂ ಕಾದು, ಹತ್ತೂ ಮಂದಿ ತಮ್ಮ ರಾಷ್ಟ್ರಗೀತೆ ಹಾಡುತ್ತಾ ಒಟ್ಟಿಗೆ ಹೆಜ್ಜೆ ಹಾಕಿದರು. ಮೊದಲಿಗ ಯಾರು ಎಂಬ ಪ್ರಶ್ನೆಗೆ ಅವರು ಉತ್ತರವನ್ನೇ ಉಳಿಸಲಿಲ್ಲ.

ನನ್ನ ಅಳಿಯ ಕೊನೆಗೂ ಹೆಸರಿಡಲಿಲ್ಲ. ಇಳಿದು ಬಂದು ಅಜ್ಜನ ಅಂಗಳದಲ್ಲಿ ಕೂತು ಪುನರ್ಪುಳಿ ಪಾನಕ ಕುಡಿಯುವಾಗ, ಬೆಳಗ್ಗಿನಿಂದ ನಡೆದ ದಾರಿ ಫೋನಿನಲ್ಲಿ ಕೆಂಪು ಗೆರೆಯಾಗಿ ಮೂಡಿರುವುದನ್ನು ಅಜ್ಜನಿಗೆ ತೋರಿಸಿದ. ಮನೆಯಿಂದ ಹೊರಟು, ತೊರೆ ದಾಟಿ, ಉಪ್ಪಾಗೆ ಮರಗಳ ನಡುವೆ ಸುತ್ತಿ ನೆತ್ತಿಯವರೆಗೆ ಹೋದ ಗೆರೆ. ಅಜ್ಜ ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ‘ಸಾಹೇಬ್ರೆ, ಇದ್ನ ಕಾಗ್ದದ ಮೇಲೆ ತೆಗ್ಸಿ ಕೊಡೂಕೆ ಆತದಾ? ಅರ್ಜಿ ಸಂಗ್ತಿಗೆ ಇಡ್ಬಹುದಲ್ಲ’ ಎಂದು ಕೇಳಿದ.